ಕೂದಲೆಳೆಯಿಂದ ಗಾಳಿಯ ತೇವ ಅಳೆದ ಸೊಸ್ಯೂರ್

ಮಕ್ಕಳೇ, ಮಳೆಗಾಲದಲ್ಲಿ ಡಬ್ಬಿಯಲ್ಲಿನ ಉಪ್ಪು ನೀರೊಡೆಯುತ್ತದೆ. ಕರಿದಿಟ್ಟ ಹಪ್ಪಳ ಮೆತ್ತಗಾಗುತ್ತದೆ. ಇದನ್ನು ನೀವು ನೋಡಿದ್ದೀರಿ ಅಲ್ಲವೇ? ಗಾಳಿಯಲ್ಲಿರುವ ನೀರಾವಿಯೇ ಇದಕ್ಕೆ ಕಾರಣ. ಗಾಳಿಯ ಈ ತೇವಕ್ಕೆ ಆರ್ದ್ರತೆ ಎಂದು ಹೆಸರು. ಕಣ್ಣಿಗೆ ಕಾಣದ ನೀರಾವಿಯನ್ನು ಅಳೆಯಲು ಒಂದು ತಲೆಗೂದಲು ಸಾಕು ಎಂದು ತೋರಿಸಿಕೊಟ್ಟ ವಿಜ್ಞಾನಿಯ ಪರಿಚಯ ಮಾಡಿಕೊಳ್ಳೋಣ ಬನ್ನಿ.

ಬಾಲ್ಯ ಮತ್ತು ಬೆಟ್ಟದ ಸೆಳೆತ

ಹೋರೇಸ್ ಬೆನೆಡಿಕ್ಟ್ ಡಿ ಸೊಸ್ಯೂರ್ ಅವರು 1740ರ ಫೆಬ್ರವರಿ 17ರಂದು ಜಿನೀವಾ ನಗರದ ಬಳಿ ಜನಿಸಿದರು. ಸಸ್ಯ ಮತ್ತು ಕೀಟಗಳನ್ನು ಅಭ್ಯಸಿಸಿದ ಚಾರ್ಲ್ಸ್ ಬೊನೆ ಅವರು ಇವರ ಬಂಧು. ಅವರಿಂದಾಗಿ ಬಾಲಕನಿಗೆ ಗಿಡಮರಗಳಲ್ಲಿ ಆಸಕ್ತಿ ಬೆಳೆಯಿತು. ಗಿಡಗಳನ್ನು ಹುಡುಕುತ್ತಾ ಆಲ್ಪ್ಸ್ ಪರ್ವತಗಳಲ್ಲಿ ಅಲೆಯುವುದು ಅಭ್ಯಾಸವಾಯಿತು. 1762ರಲ್ಲಿ, ಕೇವಲ 22ನೇ ವಯಸ್ಸಿನಲ್ಲಿ, ಅವರು ಜಿನೀವಾದಲ್ಲಿ ಪ್ರಾಧ್ಯಾಪಕರಾದರು.

ಆಲ್ಪ್ಸ್‌ನ ಅತಿ ಎತ್ತರದ ಶಿಖರ ಮೌಂಟ್ ಬ್ಲಾಂಕ್. ಅದರ ಎತ್ತರ ಸುಮಾರು 4,800 ಮೀಟರ್; ನಮ್ಮ ಮುಳ್ಳಯ್ಯನಗಿರಿಯ ಸುಮಾರು ಎರಡೂವರೆ ಪಟ್ಟು! ಅದನ್ನು ಏರುವ ದಾರಿ ಕಂಡುಹಿಡಿದವರಿಗೆ ಬಹುಮಾನ ಕೊಡುವುದಾಗಿ ಸೊಸ್ಯೂರ್ 1760ರಲ್ಲೇ ಸಾರಿದ್ದರು. 1786ರಲ್ಲಿ ಬಾಲ್ಮಾ ಮತ್ತು ಪಕ್ಕಾರ್ ಎಂಬಿಬ್ಬರು ಶಿಖರ ಮುಟ್ಟಿದರು. ಮರುವರ್ಷ ಆಗಸ್ಟ್ 3ರಂದು ಸೊಸ್ಯೂರ್ ಅವರೇ ಉಪಕರಣಗಳೊಂದಿಗೆ ಮೇಲೇರಿದರು. ಅಲ್ಲಿ ಗಾಳಿ ವಿರಳ. ನಾಲ್ಕು ಹೆಜ್ಜೆ ನಡೆದರೆ ಏದುಸಿರು. ಆದರೂ ನಾಲ್ಕು ಗಂಟೆಗೂ ಹೆಚ್ಚು ಕಾಲ ಅಲ್ಲಿದ್ದು ಗಾಳಿಯ ಒತ್ತಡ, ಉಷ್ಣತೆ ಮತ್ತು ಆರ್ದ್ರತೆಯನ್ನು ಅಳೆದರು. ಅಲ್ಲಿನ ಗಾಳಿ ಜಿನೀವಾದ ಗಾಳಿಗಿಂತ ಬಹಳ ಒಣದಾಗಿರುವುದು ತಿಳಿಯಿತು.

ಕೂದಲಿನ ಉಪಕರಣ

ಆರ್ದ್ರತೆ ಅಳೆಯಲು ಅವರು ಬಳಸಿದ್ದು ಮನುಷ್ಯನ ಕೂದಲು. ತೇವ ಹೆಚ್ಚಿದರೆ ಕೂದಲು ಉದ್ದವಾಗುತ್ತದೆ, ಒಣಗಿದರೆ ಕುಗ್ಗುತ್ತದೆ. ಪೂರ್ಣ ಒಣ ಗಾಳಿಯಿಂದ ಪೂರ್ಣ ತೇವದ ಗಾಳಿಗೆ ಬಂದಾಗ 100 ಮಿಲಿಮೀಟರ್ ಕೂದಲು ಸುಮಾರು ಎರಡೂವರೆ ಮಿಲಿಮೀಟರ್ ಬೆಳೆಯುತ್ತದೆ. ಎಣ್ಣೆಯ ಅಂಶವಿದ್ದರೆ ತೇವ ಒಳಹೋಗದು. ಆದ್ದರಿಂದ ಅವರು ಕೂದಲನ್ನು ಸೋಡಾ ನೀರಿನಲ್ಲಿ ಕುದಿಸಿ ಜಿಡ್ಡು ತೆಗೆದರು. ಅದನ್ನು ಒಂದು ಮುಳ್ಳಿಗೆ ಜೋಡಿಸಿದರು. ಒಳಬದಿ ನೀರಿನಿಂದ ತೋಯ್ದ ಮುಚ್ಚಿದ ಗಾಜಿನ ಪಾತ್ರೆಯಲ್ಲಿಟ್ಟಾಗ ಮುಳ್ಳು ನಿಂತ ಜಾಗಕ್ಕೆ 100 ಎಂದು, ತೇವ ಹೀರುವ ಲವಣವಿದ್ದ ಪಾತ್ರೆಯಲ್ಲಿ ನಿಂತ ಜಾಗಕ್ಕೆ 0 ಎಂದು ಗುರುತಿಸಿದರು. 1783ರಲ್ಲಿ ಈ ವಿಷಯವಾಗಿ ಪುಸ್ತಕವನ್ನೂ ಪ್ರಕಟಿಸಿದರು.

ಎಲ್ಲರೂ ಇದನ್ನು ಒಪ್ಪಲಿಲ್ಲ. ಜಿನೀವಾದವರೇ ಆದ ಡೆಲುಕ್ ಎಂಬ ವಿಜ್ಞಾನಿ ತಿಮಿಂಗಿಲದ ಬಾಯಿಯಲ್ಲಿರುವ ಪಟ್ಟಿಯಿಂದ ತಮ್ಮದೇ ಉಪಕರಣ ಮಾಡಿ, ಅದೇ ಉತ್ತಮವೆಂದು ವಾದಿಸಿದರು. ಆದರೆ ಕೂದಲಿನ ಉಪಕರಣವೇ ಹೆಚ್ಚು ಕಾಲ ಉಳಿಯಿತು. ಹವಾಮಾನ ಕೇಂದ್ರಗಳು ಅದನ್ನು 20ನೇ ಶತಮಾನದಲ್ಲೂ ಬಳಸಿದವು.

ಸೊಸ್ಯೂರ್ ಅವರ ಕೊನೆಯ ದಿನಗಳು ಕಷ್ಟದವು. ಫ್ರಾನ್ಸಿನ ಕ್ರಾಂತಿಯ ಕಾಲದಲ್ಲಿ ಆಸ್ತಿ ಕರಗಿತು, ಪಾರ್ಶ್ವವಾಯು ಬಡಿಯಿತು. 1799ರ ಜನವರಿ 22ರಂದು ನಿಧನರಾದರು. ಮಗ ಥಿಯೋಡೋರ್ ಸಸ್ಯ ವಿಜ್ಞಾನಿಯಾಗಿ ಹೆಸರು ಮಾಡಿದರು.

ನಮ್ಮ ಮನೆಯಲ್ಲಿ

ಮೈಸೂರಿನ ಬೋಗಾದಿಯ ಒಂದು ಮನೆಯ ಹಜಾರದಲ್ಲಿ ಮೀನಿನ ತೊಟ್ಟಿ ಇದೆ ಎಂದುಕೊಳ್ಳಿ. ಉದ್ದ 60 ಸೆಂಟಿಮೀಟರ್, ಅಗಲ 30 ಸೆಂಟಿಮೀಟರ್. ನೀರಿನ ಮಟ್ಟ 1 ಸೆಂಟಿಮೀಟರ್ ಇಳಿದರೆ ಎಷ್ಟು ನೀರು ಆವಿಯಾಯಿತು? 60 × 30 × 1 = 1,800 ಘನ ಸೆಂಟಿಮೀಟರ್, ಅಂದರೆ 1.8 ಲೀಟರ್! ಅದೆಲ್ಲ ಮನೆಯ ಗಾಳಿಗೇ ಸೇರುತ್ತದೆ. ಒಂದು ಘನ ಮೀಟರ್ ಗಾಳಿ 30 ಡಿಗ್ರಿ ಸೆಲ್ಸಿಯಸ್‌ನಲ್ಲಿ ಸುಮಾರು 30 ಗ್ರಾಂ ನೀರಾವಿ ಹಿಡಿದಿಡಬಲ್ಲದು, 20 ಡಿಗ್ರಿಯಲ್ಲಿ ಸುಮಾರು 17 ಗ್ರಾಂ ಮಾತ್ರ. ರಾತ್ರಿ ಗೋಡೆ ತಣ್ಣಗಾದಾಗ ಉಳಿದದ್ದು ಹನಿಯಾಗಿ ಕೂರುತ್ತದೆ. ಅಲ್ಲಿ ಬೂಷ್ಟು ಬೆಳೆಯುತ್ತದೆ. ಉಬ್ಬಸ ಇರುವವರಿಗೆ ಬೂಷ್ಟಿನಿಂದ ತೊಂದರೆ ಹೆಚ್ಚು.

ಹಾಗೆಂದು ಮೀನು ಸಾಕುವುದನ್ನು ಬಿಡಬೇಕಿಲ್ಲ. ತೊಟ್ಟಿಗೆ ಗಾಜಿನ ಮುಚ್ಚಳ ಹಾಕಿ, ಗಾಳಿಯಾಡಲು ಸ್ವಲ್ಪ ಸಂದು ಬಿಡಿ. ತೊಟ್ಟಿಯನ್ನು ಗೋಡೆಗೆ ಒತ್ತಿ ಇಡಬೇಡಿ. ಮಳೆ ನಿಂತು ಬಿಸಿಲು ಬಂದಾಗ ಎದುರುಬದುರು ಕಿಟಕಿ ತೆರೆಯಿರಿ. ಹೊರಗೆ ಮಳೆ ಸುರಿಯುತ್ತಿದ್ದರೆ ಕಿಟಕಿ ತೆರೆದರೂ ಹೆಚ್ಚು ಪ್ರಯೋಜನವಿಲ್ಲ. ಒದ್ದೆ ಬಟ್ಟೆಯನ್ನು ಅದೇ ಕೋಣೆಯಲ್ಲಿ ಒಣಗಿಸಬೇಡಿ.

ಮಾಡಿ ನೋಡಿ

ಬೇಕಾದ ವಸ್ತುಗಳು: 20 ಸೆಂಟಿಮೀಟರ್ ಉದ್ದದ ಕೂದಲು, ಸೀಗೆಪುಡಿ, ದಪ್ಪ ರಟ್ಟು, ಗುಂಡುಸೂಜಿ, ಅಂಟುಪಟ್ಟಿ, 15 ಸೆಂಟಿಮೀಟರ್ ಉದ್ದದ ಪೊರಕೆ ಕಡ್ಡಿ.

ಕೂದಲನ್ನು ಸೀಗೆಪುಡಿಯಿಂದ ತೊಳೆದು ಎಣ್ಣೆ ತೆಗೆಯಿರಿ. ರಟ್ಟನ್ನು ನೆಟ್ಟಗೆ ನಿಲ್ಲಿಸಿ. ಕಡ್ಡಿಯ ಒಂದು ತುದಿಯನ್ನು ಸೂಜಿಯಿಂದ ರಟ್ಟಿಗೆ ಚುಚ್ಚಿ. ಅದು ಸಡಿಲವಾಗಿ ತಿರುಗಬೇಕು. ಸೂಜಿಯಿಂದ 1 ಸೆಂಟಿಮೀಟರ್ ದೂರದಲ್ಲಿ ಕೂದಲಿನ ಕೆಳತುದಿಯನ್ನು ಕಡ್ಡಿಗೆ ಅಂಟಿಸಿ. ಕಡ್ಡಿ ಅಡ್ಡಲಾಗಿ ನಿಲ್ಲುವಂತೆ ಮೇಲ್ತುದಿಯನ್ನು ರಟ್ಟಿಗೆ ಅಂಟಿಸಿ. ಗಾಳಿಯಲ್ಲಿ ತೇವ ಹೆಚ್ಚಿದರೆ ಕಡ್ಡಿಯ ತುದಿ ಕೆಳಗಿಳಿಯುತ್ತದೆ, ಒಣಗಿದರೆ ಮೇಲೇರುತ್ತದೆ. ಇದನ್ನು ಒಂದು ವಾರ ತರಗತಿಯಲ್ಲಿಟ್ಟು, ದಿನವೂ ಬೆಳಿಗ್ಗೆ ಮತ್ತು ಮಧ್ಯಾಹ್ನ ತುದಿ ನಿಂತ ಜಾಗವನ್ನು ಗುರುತು ಮಾಡಿ. ಯಾವ ಹೊತ್ತಿನಲ್ಲಿ ಗಾಳಿ ಹೆಚ್ಚು ಒಣಗಿರುತ್ತದೆ? ಕಿಟಕಿ ತೆರೆಯಲು ಯಾವ ಹೊತ್ತು ಸರಿ? ನಿಮ್ಮ ಉತ್ತರವನ್ನು ಶಿಕ್ಷಕರಿಗೆ ತೋರಿಸಿ.