ಎಂಬತ್ತರಲ್ಲೂ ನಡೆದವರು


ಇಂದಿನ ಧಮ್ಮ ಚಿಂತನೆ



ನಮ್ಮ ಮನೆಗಳ ಗೋಡೆಯ ಮೇಲಿನ ಚಿತ್ರದಲ್ಲಿ ಬುದ್ಧರಿಗೆ ವಯಸ್ಸೇ ಆಗುವುದಿಲ್ಲ. ಆದರೆ ಪಾಲಿ ಸುತ್ತಗಳಲ್ಲಿ ಅವರಿಗೂ ಮುಪ್ಪು ಬರುತ್ತದೆ. ಒಂದು ಸಂಜೆ ಅವರು ಬಿಸಿಲಿಗೆ ಬೆನ್ನೊಡ್ಡಿ ಕುಳಿತಿದ್ದರು. ಕೈಕಾಲು ಒತ್ತುತ್ತಿದ್ದ ಆನಂದರು ಸುಕ್ಕುಗಟ್ಟಿದ ಚರ್ಮವನ್ನೂ ಬಾಗಿದ ಬೆನ್ನನ್ನೂ ಕಂಡು ಬೆರಗಾದರು. ಬುದ್ಧರು ಅದನ್ನು ಮುಚ್ಚಿಡಲಿಲ್ಲ. ಯೌವನದೊಳಗೇ ಮುಪ್ಪು ಇರುತ್ತದೆಂದು ತಿಳಿಹೇಳಿದರು.

35ನೇ ವಯಸ್ಸಿಗೆ ಬೋಧಿ ಪಡೆದ ಮೇಲೆ 45 ವರ್ಷ ಅವರು ಊರೂರು ಸುತ್ತಿದ್ದು ಕಾಲ್ನಡಿಗೆಯಲ್ಲೇ. ಮಳೆಗಾಲದಲ್ಲಿ ಮಾತ್ರ ಒಂದೆಡೆ ನಿಲ್ಲುತ್ತಿದ್ದರು. ಆಗಲೂ ಚಂಕಮಣ, ಅಂದರೆ ಅತ್ತಿಂದಿತ್ತ ನಡೆಯುವ ಸಾಧನೆ, ತಪ್ಪುತ್ತಿರಲಿಲ್ಲ. ಅದರಿಂದ ಐದು ಲಾಭವೆಂದು ಭಿಕ್ಕುಗಳಿಗೆ ಕಲಿಸಿದರು: ದೂರ ನಡೆಯುವ ಶಕ್ತಿ, ದುಡಿಯುವ ಶಕ್ತಿ, ಆರೋಗ್ಯ, ಉಂಡದ್ದು ಅರಗುವುದು, ಮನಸ್ಸು ಬಹುಕಾಲ ಏಕಾಗ್ರವಾಗಿರುವುದು.

ಊಟದಲ್ಲೂ ಮಿತಿ. ಕೋಸಲದ ದೊರೆ ಪಸೇನದಿ ಕೊಳಗಟ್ಟಲೆ ಅನ್ನ ಉಂಡು ಏದುಸಿರು ಬಿಡುತ್ತ ಬಂದಾಗ, ಹಿತಮಿತವಾಗಿ ಉಂಡವನಿಗೆ ಮುಪ್ಪು ನಿಧಾನವಾಗಿ ಬರುತ್ತದೆಂದು ತಿಳಿಸಿದರು. ದೊರೆ ತುತ್ತು ಕಡಿಮೆ ಮಾಡುತ್ತ ಬಂದ, ಮೈ ಹಗುರಾಯಿತು.

ಕಾಯಿಲೆಯೆಲ್ಲ ಹಿಂದಿನ ಕರ್ಮದ ಫಲ ಎಂಬ ಮಾತನ್ನು ಬುದ್ಧರು ಒಪ್ಪಲಿಲ್ಲ. ವಾತ, ಪಿತ್ತ, ಕಫ, ಋತುಗಳ ಬದಲಾವಣೆ, ದೇಹದ ಬಗ್ಗೆ ಅಜಾಗ್ರತೆ ಇವೂ ಕಾರಣವೆಂದರು. ಹಣೆಬರಹ ಎಂದು ಕೈಚೆಲ್ಲಿ ಕೂರುವುದು ಅವರ ದಾರಿಯಲ್ಲ.

ಹಾಗೆಂದು ದೇಹವನ್ನು ಹಿಂಸಿಸಲೂ ಇಲ್ಲ. ಬೆನ್ನುನೋವು ಬಂದಾಗ ಉಪದೇಶವನ್ನು ಸಾರಿಪುತ್ತರಿಗೋ ಆನಂದರಿಗೋ ಒಪ್ಪಿಸಿ, ಚೀವರ ಮಡಿಸಿ ಹಾಸಿಕೊಂಡು ಮಲಗುತ್ತಿದ್ದರು. ಅದಕ್ಕೆ ಸಂಕೋಚಪಡಲಿಲ್ಲ.

80ರಲ್ಲಿ ರಾಜಗೃಹದಿಂದ ಹೊರಟು, ಗಂಗೆ ದಾಟಿ, ವೈಶಾಲಿ ಸೇರಿದರು. ಬೇಲುವ ಗ್ರಾಮದ ಮಳೆಗಾಲದಲ್ಲಿ ಕಾಯಿಲೆ ಸಾವಿನಂಚಿಗೆ ತಂದಿತು. ಚೇತರಿಸಿಕೊಂಡ ಮೇಲೆ, ತಮ್ಮ ದೇಹ ಕಟ್ಟು ಹಾಕಿ ಓಡಿಸುವ ಹಳೆಯ ಬಂಡಿಯಂತೆ ಎಂದು ಆನಂದರಿಗೆ ಹೇಳಿದರು. ಮತ್ತೆ ನಡೆದರು. ಪಾವಾದಲ್ಲಿ ಕಮ್ಮಾರ ಚುಂದನ ಮನೆಯ ಊಟದ ಬಳಿಕ ರಕ್ತಭೇದಿಯಾಯಿತು. ಮರದ ನೆರಳಲ್ಲಿ ಕುಳಿತು ನೀರು ಕುಡಿದು, ಕಕುತ್ಥಾ ನದಿಯಲ್ಲಿ ಮಿಂದು, ದಣಿವಾರಿಸಿಕೊಳ್ಳುತ್ತ ಕುಶಿನಗರ ಮುಟ್ಟಿದರು. ಕೊನೆಯ ರಾತ್ರಿಯೂ ಸುಭದ್ದ ಎಂಬ ಪರಿವ್ರಾಜಕನಿಗೆ ಧಮ್ಮ ತಿಳಿಸಿದರು.

ಬುದ್ಧರು ಮಾರ್ಗದಾತರು, ಮೋಕ್ಷದಾತರಲ್ಲ ಎಂದು ಬಾಬಾಸಾಹೇಬರು ನಮಗೆ ತೋರಿಸಿಕೊಟ್ಟರು. ಅವರ ಆರೋಗ್ಯಕ್ಕಾಗಿ ನಾವು ಹರಕೆ ಹೊರಬೇಕಿಲ್ಲ, ನಮ್ಮ ಆರೋಗ್ಯವನ್ನು ಅವರು ವರವಾಗಿ ಕೊಡುವುದೂ ಇಲ್ಲ. ಸಕ್ಕರೆ ಕಾಯಿಲೆಯಿಂದ ನಲುಗಿದ್ದ ಬಾಬಾಸಾಹೇಬರು, ನಾಗಪುರದ ದೀಕ್ಷೆಯಾಗಿ ಎರಡು ತಿಂಗಳೊಳಗೆ, 65ನೇ ವಯಸ್ಸಿಗೇ ನಮ್ಮನ್ನು ಅಗಲಿದರು. ಹಿರಿಯರೊಬ್ಬರು ಹತ್ತು ವರ್ಷ ಹೆಚ್ಚು ಬದುಕಿದರೆ ಏನಾಗುತ್ತಿತ್ತು ಎಂಬುದು ನಮಗಿಂತ ಯಾರಿಗೆ ಗೊತ್ತು?

ಹೊಲ, ಕೂಲಿ, ಕಸಬರಿಕೆ ಎಂದು ಜೀವನವಿಡೀ ದುಡಿದ ನಮ್ಮ ಹಿರಿಯರು, ಕೆಲಸ ನಿಂತ ದಿನದಿಂದ ಮೂಲೆ ಹಿಡಿಯುವುದನ್ನು ನೋಡುತ್ತಿದ್ದೇವೆ. ಇಂದು ಸಂಜೆ ಅವ್ವನನ್ನೋ ಅಪ್ಪನನ್ನೋ ವಿಹಾರದವರೆಗೆ ನಡೆಸಿಕೊಂಡು ಹೋಗಿ. ದಣಿದರೆ ನಡುವೆ ಕೂರಲಿ. ಸಕ್ಕರೆ, ಬಿಪಿ ಇದ್ದರೆ ಡಾಕ್ಟರನ್ನು ಕೇಳಿಯೇ ನಡಿಗೆ ಹೆಚ್ಚಿಸಿ.

ಭವತು ಸಬ್ಬ ಮಂಗಲಂ.