ಬಟಾಣಿಯ ಮಡಿಯಲ್ಲಿ ಒಬ್ಬ ಸಂನ್ಯಾಸಿ

ಹಿತ್ತಲಿನಲ್ಲಿ ನಾಲ್ಕು ಮಡಿ ಸೊಪ್ಪು ತರಕಾರಿ ಬೆಳೆಯುವುದನ್ನು ನಮ್ಮಲ್ಲಿ ಯಾರೂ ಒಂದು ವಿದ್ಯೆಯೆಂದು ಎಣಿಸುವುದಿಲ್ಲ. ನಾನೂ ಎಣಿಸಿರಲಿಲ್ಲ. ಊರಿನಲ್ಲಿ ನಮ್ಮ ಮನೆಯ ಹಿಂದೆ ಅಕ್ಕನು ಬದನೆ, ಹುರುಳಿಕಾಯಿ, ದಂಟಿನ ಸೊಪ್ಪು ಬೆಳೆದು ವಾರದ ಸಂತೆಗೆ ಒಯ್ಯುತ್ತಾಳೆ. ನನ್ನ ಕಾಲೇಜಿನ ಶುಲ್ಕ ಹುಟ್ಟುವುದು ಆ ಮಡಿಗಳಲ್ಲಿಯೇ. ಹೋದ ವರ್ಷ ನಾನು ಒಂದು ವಿಷಯದಲ್ಲಿ ನಪಾಸಾಗಿ ಊರಿಗೆ ಹೋದಾಗ ಅವಳು ಒಂದು ಮಾತನ್ನೂ ಆಡದೆ ನನ್ನ ಕೈಗೆ ಗುದ್ದಲಿಯನ್ನು ಕೊಟ್ಟಳು. ಆ ರಜೆಯಲ್ಲಿ ಹಗಲು ಪಾತಿ ಮಾಡಿ, ರಾತ್ರಿ ಓದಿದ ಪುಸ್ತಕವೊಂದರಲ್ಲಿ ನನಗೆ ಗ್ರೆಗೊರ್ ಮೆಂಡೆಲನ ಪರಿಚಯವಾಯಿತು. ನಾನು ವಿಜ್ಞಾನದ ವಿದ್ಯಾರ್ಥಿಯಲ್ಲ. ಆದರೂ ಈ ಮಹನೀಯನ ಜೀವನವನ್ನು ನನ್ನ ಸಹಪಾಠಿಗಳ ಮುಂದಿಡಬೇಕೆನಿಸಿತು.

ಮೆಂಡೆಲನು ಹುಟ್ಟಿದುದು 1822ರ ಜುಲೈ ತಿಂಗಳಲ್ಲಿ. ಅವನ ಹಳ್ಳಿ ಹೈನ್ಸೆಂಡಾರ್ಫ್ ಅಂದು ಆಸ್ಟ್ರಿಯ ಸಾಮ್ರಾಜ್ಯಕ್ಕೆ ಸೇರಿದ್ದಿತು. ಇಂದು ಚೆಕ್ ಗಣರಾಜ್ಯದಲ್ಲಿದೆ. ಹೆತ್ತವರು ಇಟ್ಟ ಹೆಸರು ಯೋಹಾನ್. ತಂದೆ ಆಂಟನ್ ಸಣ್ಣ ರೈತ. ವಾರದಲ್ಲಿ ಮೂರು ದಿನ ಜಮೀನುದಾರನಿಗೆ ಬಿಟ್ಟಿ ದುಡಿಯಬೇಕಾಗಿತ್ತು. ಉಳಿದ ವೇಳೆಯಲ್ಲಿ ಅವನು ತನ್ನ ಹಣ್ಣಿನ ಗಿಡಗಳನ್ನು ಅಕ್ಕರೆಯಿಂದ ಸಾಕುತ್ತಿದ್ದನು. ಊರಿನ ಪಾದ್ರಿಯು ಮಕ್ಕಳಿಗೆ ಹಣ್ಣಿನ ಬೇಸಾಯವನ್ನು ಕಲಿಸುತ್ತಿದ್ದನು. ಹುಡುಗನ ಮೊದಲ ಪಾಠಶಾಲೆ ಇದೇ ಎನ್ನಬಹುದು.

1838ರಲ್ಲಿ ತಂದೆಯ ಎದೆಯ ಮೇಲೆ ಮರದ ದಿಮ್ಮಿಯೊಂದು ಉರುಳಿತು. ಆ ಬಳಿಕ ಅವನು ಮೊದಲಿನಂತೆ ದುಡಿಯಲಾರದವನಾದನು. ಮಗನ ಓದಿಗೆ ಹಣ ಕಳುಹಿಸುವವರಿಲ್ಲವಾಯಿತು. ಹುಡುಗನು ಮನೆಪಾಠ ಹೇಳಿ, ಅರೆಹೊಟ್ಟೆಯಲ್ಲಿ ಓದಿ, ಕಾಯಿಲೆ ಬಿದ್ದನು. ಆಗ ಕಿರಿಯ ತಂಗಿ ಥೆರೇಸಿಯಾ ತನ್ನ ಮದುವೆಗೆಂದು ತೆಗೆದಿರಿಸಿದ್ದ ಹಣದಲ್ಲಿ ಒಂದು ಪಾಲನ್ನು ಅಣ್ಣನಿಗೆ ಬಿಟ್ಟುಕೊಟ್ಟಳು. ಈ ಭಾಗವನ್ನು ಓದಿದ ರಾತ್ರಿ ನಾನು ಪುಸ್ತಕವನ್ನು ಮುಚ್ಚಿಟ್ಟು ಬಹಳ ಹೊತ್ತು ಸುಮ್ಮನೆ ಕುಳಿತಿದ್ದೆನು.

1843ರಲ್ಲಿ ಅವನು ಬ್ರುನೋ ನಗರದ ಸಂತ ತೋಮಾಸನ ಮಠವನ್ನು ಸೇರಿ ಗ್ರೆಗೊರ್ ಎಂಬ ಹೆಸರನ್ನು ತಳೆದನು. ಅನ್ನದ ಚಿಂತೆ ಅಲ್ಲಿಗೆ ತೀರಿತು. ಶಾಲೆಯಲ್ಲಿ ಪಾಠ ಹೇಳುವುದು ಅವನಿಗೆ ಬಹು ಪ್ರಿಯವಾದ ಕೆಲಸವಾಯಿತು. ಆದರೆ 1850ರಲ್ಲಿ ಉಪಾಧ್ಯಾಯರ ಅರ್ಹತಾ ಪರೀಕ್ಷೆಯಲ್ಲಿ ಅವನು ತೇರ್ಗಡೆಯಾಗಲಿಲ್ಲ. ಮಠದವರು ಅವನನ್ನು ವಿಯೆನ್ನಾ ವಿಶ್ವವಿದ್ಯಾನಿಲಯಕ್ಕೆ ಕಳುಹಿಸಿದರು. ಅಲ್ಲಿ 1851ರಿಂದ 1853ರವರೆಗೆ ಭೌತಶಾಸ್ತ್ರ, ಗಣಿತ, ಸಸ್ಯಶಾಸ್ತ್ರಗಳನ್ನು ಕಲಿತು ಬಂದನು. 1856ರಲ್ಲಿ ಮತ್ತೆ ಪರೀಕ್ಷೆಗೆ ಹೋದನು; ಈ ಸಲವೂ ಅರ್ಹತಾಪತ್ರವು ಕೈಗೆ ಬರಲಿಲ್ಲ. ಹೀಗೆ ಅವನು ಕೊನೆಯವರೆಗೂ ಬದಲಿ ಉಪಾಧ್ಯಾಯನಾಗಿಯೇ ಉಳಿದನು.

ಆಶ್ಚರ್ಯದ ಸಂಗತಿಯೆಂದರೆ, ಅದೇ 1856ರಲ್ಲಿ ಅವನು ಮಠದ ಹಿತ್ತಲಿನಲ್ಲಿ ಬಟಾಣಿಯ ಪ್ರಯೋಗಗಳನ್ನು ಪ್ರಾರಂಭಿಸಿದನು. ಆ ನೆಲವು ಸುಮಾರು 35 ಮೀಟರ್ ಉದ್ದ, 7 ಮೀಟರ್ ಅಗಲವಷ್ಟೆ. ನಮ್ಮ ಹಳ್ಳಿಗಳಲ್ಲಿ ಇದಕ್ಕಿಂತ ದೊಡ್ಡ ಹಿತ್ತಲುಗಳು ಎಷ್ಟೋ ಇವೆ. ಅವನು ಮೊದಲು 34 ಬಗೆಯ ಬಟಾಣಿಗಳನ್ನು ತರಿಸಿ, ಎರಡು ವರ್ಷ ಬೆಳೆದು ಪರೀಕ್ಷಿಸಿ, 22 ಬಗೆಗಳನ್ನು ಆರಿಸಿಕೊಂಡಿದ್ದನು. ಬಟಾಣಿಯ ಹೂವು ತನ್ನ ಪರಾಗದಿಂದ ತಾನೇ ಕಾಯಿ ಕಟ್ಟುವಂಥದು. ಆದುದರಿಂದ ಮೊಗ್ಗನ್ನು ಬಿಡಿಸಿ, ಪರಾಗವು ಬಲಿಯುವ ಮೊದಲೇ ಕೇಸರಗಳನ್ನು ಚಿಮಟಿಗೆಯಿಂದ ಕಿತ್ತು, ಬೇರೆ ಗಿಡದ ಪರಾಗವನ್ನು ಸೋಕಿಸಬೇಕಾಗಿತ್ತು. ಎತ್ತರದ ಬಳ್ಳಿಗಳಿಗೆ ಕೋಲುಗಳನ್ನು ನೆಟ್ಟು ಕಟ್ಟಬೇಕು; ಕಾಳು ಕೊರೆಯುವ ಹುಳುವಿನ ಕಾಟ ಬೇರೆ. ಇಂಥ ದುಡಿಮೆ 1863ರವರೆಗೆ ನಡೆಯಿತು. ಬೆಳೆದ ಗಿಡಗಳು ಸುಮಾರು 28,000.

ದುಂಡುಕಾಳಿನ ಗಿಡಕ್ಕೂ ಸುಕ್ಕುಕಾಳಿನ ಗಿಡಕ್ಕೂ ಸಂಕರ ಮಾಡಿದಾಗ ಮೊದಲ ಪೀಳಿಗೆಯಲ್ಲಿ ಎಲ್ಲವೂ ದುಂಡುಕಾಳುಗಳೇ ಆದವು. ಸುಕ್ಕು ಅಳಿದುಹೋಯಿತೆಂದೇ ಯಾರಾದರೂ ತಿಳಿಯುತ್ತಿದ್ದರು. ಅವನು ಆ ಕಾಳುಗಳನ್ನು ಮತ್ತೆ ಬಿತ್ತಿದನು. ಮುಂದಿನ ಪೀಳಿಗೆಯ 7,324 ಕಾಳುಗಳಲ್ಲಿ 5,474 ದುಂಡು, 1,850 ಸುಕ್ಕು. ಹೆಚ್ಚುಕಡಮೆ ಮೂರಕ್ಕೆ ಒಂದು. ಕಾಳಿನ ಬಣ್ಣ, ಹೂವಿನ ಬಣ್ಣ, ಗಿಡದ ಎತ್ತರ ಮುಂತಾದ ಏಳು ಲಕ್ಷಣಗಳಲ್ಲಿಯೂ ಇದೇ ಲೆಕ್ಕ ಕಂಡುಬಂದಿತು. ಮರೆಯಾದ ಗುಣವು ಅಳಿಯುವುದಿಲ್ಲ, ಅಡಗಿದ್ದು ಮತ್ತೆ ತಲೆಯೆತ್ತುತ್ತದೆ. ಪ್ರತಿಯೊಂದು ಗುಣವೂ ತಂದೆಯಿಂದೊಂದು, ತಾಯಿಯಿಂದೊಂದು ಅಂಶವಾಗಿ ಸಂತಾನಕ್ಕೆ ಇಳಿಯುತ್ತದೆ ಎಂಬ ತತ್ತ್ವವು ಹೀಗೆ ಹೊರಬಿದ್ದಿತು.

1865ರ ಫೆಬ್ರವರಿ ಮತ್ತು ಮಾರ್ಚ್ ತಿಂಗಳುಗಳಲ್ಲಿ ಬ್ರುನೋದ ಪ್ರಕೃತಿವಿಜ್ಞಾನ ಸಂಘದಲ್ಲಿ ಅವನು ಇದನ್ನು ಓದಿದನು. ಮರುವರ್ಷ ಅದು ಅಚ್ಚಾಯಿತು. ಅದರ ಬೆಲೆಯನ್ನು ಅರಿತವರು ಇರಲಿಲ್ಲ. 1868ರಲ್ಲಿ ಅವನು ಮಠಾಧಿಪತಿಯಾದನು. ಆಡಳಿತದ ಹೊರೆ, 1874ರ ಬಳಿಕ ಸರಕಾರದೊಡನೆ ತೆರಿಗೆಯ ವ್ಯಾಜ್ಯ, ಇವು ಅವನ ವೇಳೆಯನ್ನೆಲ್ಲ ನುಂಗಿದವು. ಆದರೂ ಹಣ್ಣಿನ ಗಿಡಗಳನ್ನೂ ಜೇನುಗೂಡುಗಳನ್ನೂ ಅವನು ಬಿಡಲಿಲ್ಲ. 1884ರ ಜನವರಿ 6ರಂದು ತೀರಿಕೊಂಡನು. ಹದಿನಾರು ವರ್ಷಗಳ ಮೇಲೆ, 1900ರಲ್ಲಿ, ಡಿ ವ್ರೀಸ್, ಕೊರೆನ್ಸ್, ಚೆರ್ಮಾಕ್ ಎಂಬ ಮೂವರು ಅವನ ಲೇಖನವನ್ನು ಬೆಳಕಿಗೆ ತಂದರು. ಇಂದು ತಳಿಶಾಸ್ತ್ರವು ನಿಂತಿರುವುದು ಆ ಹಿತ್ತಲಿನ ಲೆಕ್ಕದ ಮೇಲೆ.

ಈ ಕಥೆಯನ್ನು ನಾನು ಅಕ್ಕನಿಗೆ ಹೇಳಿದೆನು. ಕಾಳುಗಳ ಲೆಕ್ಕ ಕೇಳಿ ಅವಳಿಗೆ ಬೆರಗಾಗಲಿಲ್ಲ. ಬೀಜಕ್ಕೆಂದು ಒಳ್ಳೆಯ ಕಾಯಿಯನ್ನು ಆರಿಸಿ ಬಳ್ಳಿಯಲ್ಲಿಯೇ ಬಿಡುವವಳು ಅವಳು. ಅವಳು ಕೇಳಿದ್ದು ಒಂದೇ: ಆ ತಂಗಿಗೆ ಅಣ್ಣನು ಕೊನೆಗೆ ಏನು ಮಾಡಿದನೆಂದು. ಥೆರೇಸಿಯಾಳ ಮೂವರು ಗಂಡುಮಕ್ಕಳ ಓದಿಗೆ ಮೆಂಡೆಲನು ನೆರವಾದನು, ಅವರಲ್ಲಿ ಇಬ್ಬರು ವೈದ್ಯರಾದರು ಎಂದು ತಿಳಿಸಿದೆನು. ಅವಳು ತಲೆಯಾಡಿಸಿ ನೀರು ಕಟ್ಟಲು ಹೋದಳು.

ಬಿಟ್ಟಿದ್ದ ಆ ವಿಷಯದಲ್ಲಿ ಈ ಸಲ ನಾನು ತೇರ್ಗಡೆಯಾಗಿದ್ದೇನೆ. ಅದೇನೂ ದೊಡ್ಡ ಮಾತಲ್ಲ. ಪರೀಕ್ಷೆಯಲ್ಲಿ ಸೋತವನ ಕೆಲಸವೂ ಸೋಲಬೇಕೆಂದಿಲ್ಲ ಎಂಬುದು ಮೆಂಡೆಲನಿಂದ ನಾನು ಕಲಿತ ಮೊದಲ ಪಾಠ. ನಮ್ಮ ಓದಿನ ಬೇರು ಯಾರ ಹಿತ್ತಲಿನಲ್ಲಿದೆಯೆಂಬುದನ್ನು ಮರೆಯಬಾರದೆಂಬುದು ಎರಡನೆಯದು. ಮೊದಲನೆಯದು ಹೇಗೋ ಮನಸ್ಸಿಗೆ ಹತ್ತಿತು; ಎರಡನೆಯದರ ಸಾಲ ಇನ್ನೂ ತೀರಬೇಕಾಗಿದೆ.