ಮಹಮೂದ್ ಗವಾನ್

ಮಹಮೂದ್ ಗವಾನ್ (ಸು. 1411 – 1481) ಬೀದರಿನ ಬಹಮನಿ ಸುಲ್ತಾನರ ಪ್ರಧಾನಮಂತ್ರಿಯೂ ಸೇನಾನಿಯೂ ವಿದ್ವಾಂಸನೂ ಆಗಿದ್ದನು. ಪರ್ಷಿಯಾದ ಗಿಲಾನ್ ಪ್ರಾಂತ್ಯದಲ್ಲಿ ಜನಿಸಿದ ಈತನು 1453ರಲ್ಲಿ ವ್ಯಾಪಾರಿಯಾಗಿ ಬೀದರಿಗೆ ಬಂದು ಅಲ್ಲಿಯೇ ನೆಲೆಸಿದನು. ಮೂರನೆಯ ಮಹಮ್ಮದ್ ಶಹನ ಆಳ್ವಿಕೆಯಲ್ಲಿ ಆಡಳಿತದ ಚುಕ್ಕಾಣಿ ಈತನ ಕೈಯಲ್ಲಿತ್ತು. ಬೀದರಿನಲ್ಲಿ ಈತನು ಕಟ್ಟಿಸಿದ ಮದರಸಾ ಪ್ರಸಿದ್ಧವಾಗಿದೆ. ಬೆಳಗಾವಿಯ ಮುತ್ತಿಗೆಯಲ್ಲಿ ಈತನ ಪಾತ್ರ ಅಷ್ಟಾಗಿ ಪರಿಚಿತವಲ್ಲ.

ಬೆಳಗಾವಿಯ ಮುತ್ತಿಗೆ

1472ರಲ್ಲಿ ಗವಾನ್‌ನು ವಿಜಯನಗರದವರಿಂದ ಗೋವೆಯನ್ನು ಗೆದ್ದುಕೊಂಡನು. ಅದನ್ನು ಮರಳಿ ಪಡೆಯುವ ಪ್ರಯತ್ನದಲ್ಲಿ ಬೆಳಗಾವಿಯ ನಾಯಕನು (ಫಿರಿಶ್ತಾನ ಬರಹದಲ್ಲಿ ಪರ್ಕೇತ) ವಿಜಯನಗರದ ಪಕ್ಷ ವಹಿಸಿದನು. ಗೋವೆಯಿಂದ ಘಟ್ಟವೇರಿ ಖಾನಾಪುರದ ಸೀಮೆಯ ಮೂಲಕ ಬರುವ ದಾರಿ ಬೆಳಗಾವಿಯನ್ನು ಮುಟ್ಟುತ್ತದೆ. ಆದುದರಿಂದ ಈ ಕೋಟೆಯನ್ನು ಎದುರಾಳಿಯ ಕೈಯಲ್ಲಿ ಬಿಡುವಂತಿರಲಿಲ್ಲ. 1473ರಲ್ಲಿ ಸುಲ್ತಾನನೇ ಗವಾನ್‌ನೊಡನೆ ದಂಡೆತ್ತಿ ಬಂದನು.

ರಟ್ಟರ ಕಾಲದಲ್ಲಿ ಬಿಚ್ಚಿರಾಜನು ಕಟ್ಟಿಸಿದನೆನ್ನಲಾದ ಈ ಕೋಟೆಯ ಸುತ್ತ ನೀರು ತುಂಬಿದ ಆಳವಾದ ಕಂದಕವಿತ್ತು. ಕಂದಕವು ಏಣಿ ಹಾಕುವವರನ್ನೂ ಗೋಡೆಯ ಬುಡ ಅಗೆಯುವವರನ್ನೂ ದೂರದಲ್ಲಿಯೇ ತಡೆಯುತ್ತದೆ. ಅದನ್ನು ತುಂಬದೆ ಗೋಡೆಯನ್ನು ಸಮೀಪಿಸುವುದು ದುಸ್ತರ. ಮುತ್ತಿಗೆಯವರು ಹಗಲಿನಲ್ಲಿ ಮಣ್ಣು, ಕಟ್ಟಿಗೆಗಳನ್ನು ತಂದು ಸುರಿದರೆ, ಕೋಟೆಯವರು ರಾತ್ರಿ ಅವನ್ನೆಲ್ಲ ಎತ್ತಿ ಹಾಕುತ್ತಿದ್ದರು. ಕೊನೆಗೆ ನೆಲದೊಳಗೆ ಸುರಂಗಗಳನ್ನು ತೋಡಿಸಿ, ಸಿಡಿಮದ್ದು ತುಂಬಿಸಿ ಗೋಡೆಯನ್ನು ಒಡೆಯಲಾಯಿತು. ದಖನ್ನಿನಲ್ಲಿ ಇಂತಹ ಸುರಂಗಗಳ ಬಳಕೆ ಇದೇ ಮೊದಲೆಂದು ಫಿರಿಶ್ತಾ ಬರೆದಿದ್ದಾನೆ. ಕಂದಕದ ಮೇಲೆ ಭರವಸೆಯಿಟ್ಟಿದ್ದ ಪರ್ಕೇತನು ಗೋಡೆ ಬಿರಿದ ಮೇಲೂ ಕಾದಾಡಿ, ಅನಂತರ ವೇಷ ಮರೆಸಿಕೊಂಡು ಬಂದು ಸುಲ್ತಾನನಿಗೆ ಶರಣಾದನು; ಅವನಿಗೆ ಪ್ರಾಣಭಿಕ್ಷೆ ದೊರೆಯಿತು. ಬೆಳಗಾವಿಯು ಗವಾನ್‌ನ ಜಹಗೀರಿಗೆ ಸೇರಿತು.

ಜಪಾನಿನ ಒಸಾಕಾ ಕೋಟೆಯ ಕಥೆಯೂ ಇದಕ್ಕೆ ಹತ್ತಿರವಾದುದು. ಅಲ್ಲಿ 1614ರ ಚಳಿಗಾಲದ ಮುತ್ತಿಗೆ ಫಲಿಸದಿದ್ದಾಗ ತೊಕುಗಾವಾ ಪಕ್ಷದವರು ಸಂಧಿ ಮಾಡಿಕೊಂಡು ಕಂದಕಗಳನ್ನು ಮುಚ್ಚಿಸಿದರು; ಮರುವರ್ಷ ಕೋಟೆ ಬಿದ್ದಿತು.

ಮರಣ

ದಖನಿಗಳು ಮತ್ತು ಪರದೇಶಿಗಳೆಂಬ ಆಸ್ಥಾನದ ಎರಡು ಬಣಗಳ ವೈಷಮ್ಯಕ್ಕೆ ಗವಾನ್‌ನು ಬಲಿಯಾದನು. ಈತನ ಮುದ್ರೆಯನ್ನು ಖಾಲಿ ಕಾಗದದ ಮೇಲೆ ಒತ್ತಿಸಿಕೊಂಡ ವಿರೋಧಿಗಳು, ಒಡಿಶಾದ ಅರಸನನ್ನು ದಂಡೆತ್ತಿ ಬರಲು ಆಹ್ವಾನಿಸುವ ಕೃತಕ ಪತ್ರವನ್ನು ಸೃಷ್ಟಿಸಿದರು. ಸುಲ್ತಾನನು ವಿಚಾರಿಸದೆ 5 ಏಪ್ರಿಲ್ 1481ರಂದು ಈತನನ್ನು ಕೊಲ್ಲಿಸಿದನು. ಬಳಿಕ ಮನೆಯನ್ನು ಶೋಧಿಸಿದಾಗ ಈತನ ಸ್ವಂತ ಖಜಾನೆಯಲ್ಲಿ ಅಲ್ಪ ಹಣ ಮಾತ್ರ ಸಿಕ್ಕಿತು. ಗವಾನ್‌ನ ಸಮಾಧಿಯು ಬೀದರಿನ ಬಳಿಯ ಗೋರನಳ್ಳಿಯಲ್ಲಿದೆ.